ವಿಷಯ: ಕಿಟಕಿ ದೊಡ್ಡದು ಮಾಡುವ ಕುರಿತು

ಕಚೇರಿಗೆ ಬಂದ ಹೊಸ ತಂತ್ರಾಂಶದ ವಿಂಡೋ ಅಂಗೈಯಗಲವಿತ್ತು, ಎಷ್ಟೆಳೆದರೂ ಹಿಗ್ಗುತ್ತಿರಲಿಲ್ಲ. ದಿನವಿಡೀ ಅದರಲ್ಲೇ ಕಣ್ಣು ನೆಟ್ಟು ಗುಮಾಸ್ತೆ ಪಂಕಜಾಕ್ಷಿಗೆ ತಲೆನೋವು ಖಾಯಂ ಆಗಿತ್ತು.

“ಬಳಸೋರು ಎಳೆದಾಡಿ ಕೆಡಿಸ್ತಾರೆ ಅಂತ ಕಂಪನಿಯವರೇ ಹಾಗೆ ಮಾಡಿದಾರೆ. ಮೇಲಿನವರಿಗೆ ಬರೀರಿ,” ಎಂದರು ಸಾಹೇಬರು. “ಕನ್ನಡದಲ್ಲೇ ಬರೀರಿ. ಇಂಗ್ಲಿಷ್ ಪದ ಕಂಡ್ರೆ ವಾಪಸ್ ಕಳಿಸ್ತಾರೆ.”

ಆಕೆ ‘ವಿಂಡೋ’ ಹೊಡೆದುಹಾಕಿ ಬರೆದಳು: ‘ಕಿಟಕಿ ತೀರಾ ಚಿಕ್ಕದಾಗಿದ್ದು, ದೊಡ್ಡದು ಮಾಡಿಕೊಡಬೇಕಾಗಿ ಕೋರಿಕೆ.’

ತಿಂಗಳುಗಳು ಕಳೆದ ಮೇಲೆ ಗಾರೆ ಕೆಲಸದವನೊಬ್ಬ ಉಳಿ, ಸುತ್ತಿಗೆ ಹಿಡಿದು ಬಂದು, ಅವಳ ಮೇಜಿನ ಪಕ್ಕದ ಕಿಟಕಿಗೆ ಟೇಪು ಹಿಡಿದ.

“ಆರ್ಡರ್ ಆಗಿದೆ. ಎಷ್ಟು ದೊಡ್ಡದು ಮಾಡ್ಬೇಕು, ಮೇಡಮ್ಮೋರೆ?”

ಆಕೆ ಒಮ್ಮೆ ಕಂಪ್ಯೂಟರನ್ನು, ಒಮ್ಮೆ ಗೋಡೆಯನ್ನು ನೋಡಿದಳು.

“ನಾನು ದಾಟಿ ಆಚೆ ಹೋಗೋಷ್ಟು ಮಾಡಪ್ಪ.”