ಪರೀಕ್ಷಕಿಯ ಎಡಗೈ

ಪರೀಕ್ಷಕಿ ಸುಲೋಚನಾಬಾಯಿಯವರು ತಮ್ಮ ಎಡಗೈಯನ್ನೇ ಮೇಜಿನ ಮೇಲೆ ಚಾಚಿ, "ನಾಡಿ ಎಣಿಸಿ," ಎಂದರು. ಮುನಿಕೃಷ್ಣಮ್ಮ ಅವರ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ತನ್ನ ಎದೆಯ ಮೇಲೆ ಪಿನ್ನಿನಿಂದ ಸಿಕ್ಕಿಸಿಕೊಂಡಿದ್ದ ಗಡಿಯಾರ ನೋಡಿದಳು. ನರ್ಸಿಂಗ್ ಡಿಪ್ಲೊಮಾ ಮುಗಿಸಿ ಎಂಟು ವರ್ಷದಿಂದ ಯಲಹಂಕದ ಆಸ್ಪತ್ರೆಯೊಂದರಲ್ಲಿ ನರ್ಸು. ಡ್ಯೂಟಿ ಮುಗಿಸಿ ಸಂಜೆ ತರಗತಿಗೆ ಓಡುತ್ತ ಡಿಗ್ರಿಗೆ ಓದಿದವಳು. ಸಾವಿರದ ಒಂಬೈನೂರ ಅರವತ್ತೇಳರ ಈ ಪರೀಕ್ಷೆ ಅವಳಿಗೆ ಎರಡನೆಯದು. ಈ ಸಲವೂ ಫೇಲಾದರೆ ಮತ್ತೆ ಕೂರಲು ಬಿಡುವುದಿಲ್ಲ.

ನಿಮಿಷ ಮುಗಿಯಿತು. ಅವಳು ಕೈ ಬಿಡಲಿಲ್ಲ.

"ಎಷ್ಟು?"

"ಇನ್ನೊಂದು ನಿಮಿಷ, ಮೇಡಂ."

"ಡಿಪ್ಲೊಮಾದವರಿಗೆ ನಾಡಿ ಎಣಿಸೋಕೂ ಎರಡು ನಿಮಿಷ ಬೇಕೇನ್ರೀ?" ಪರೀಕ್ಷಕಿ ಬಲಗೈಯಲ್ಲಿ ಪೆನ್ನು ತೆಗೆದುಕೊಂಡು ಅಂಕದ ಹಾಳೆಯನ್ನು ಹತ್ತಿರಕ್ಕೆಳೆದರು.

ಎಪ್ಪತ್ತೆರಡು ಎಂದುಬಿಟ್ಟರೆ ಮುಗಿಯಿತು, ಪುಸ್ತಕದಲ್ಲಿರುವುದೂ ಅದೇ. ಆದರೆ ಮುನಿಕೃಷ್ಣಮ್ಮನ ಬೆರಳ ಕೆಳಗೆ ನಾಲ್ಕು ಬಡಿತ ಬಂದು ಒಂದು ತಪ್ಪಿತು. ಮತ್ತೆ ಮೂರು ಬಂದು, ಎರಡು ತಪ್ಪಿದವು. ಅವಳು ಸ್ಟೂಲನ್ನು ಅವರ ಪಕ್ಕಕ್ಕೆ ಎಳೆದುಕೊಂಡಳು. ವಾರ್ಡಿನಲ್ಲಿ ದಿನವೂ ರೋಗಿಗಳನ್ನು ಕೇಳುವ ಮಾತು, ಅದೇ ಮೆಲುದನಿಯಲ್ಲಿ ಬಂತು:

"ನಿಮ್ ಜೊತೆ ಯಾರ್ ಬಂದವ್ರೆ, ಅಮ್ಮಾ?"