ಸರ್ವಮಂಗಳಮ್ಮನ ಫೋಟೋ

ಗುಬ್ಬಿಯ ಪೇಂಟರ್ ಸರ್ವಮಂಗಳಮ್ಮನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ, ಮನೆಯಲ್ಲಿ ಅವರದೊಂದು ಫೋಟೋ ಇಲ್ಲವೆಂಬುದು ಮಕ್ಕಳಿಗೆ ಗೊತ್ತಾಯಿತು. ಊರಿನಲ್ಲಿ ಯಾರು ಸತ್ತರೂ ಚಿತ್ರ ಬರೆದುಕೊಡುತ್ತಿದ್ದವರು ಅವರೇ. ತಮ್ಮ ಸರದಿಗೆ ಮಾತ್ರ ಏನೂ ಸಿದ್ಧ ಮಾಡಿಟ್ಟುಕೊಂಡಿರಲಿಲ್ಲ.

ಮಗ ವೀರಭದ್ರಯ್ಯ ಟ್ರಂಕು, ಅಟ್ಟ ಎಲ್ಲ ತಡಕಾಡಿದ. ಸಿಕ್ಕಿದ್ದು ತಂಗಿ ಉಮಾಮಹೇಶ್ವರಿಯ ಮದುವೆಯ ಗ್ರೂಪ್ ಫೋಟೋ ಒಂದೇ. ಅದರಲ್ಲಿ ಅಮ್ಮ ಇದ್ದರು, ಬೆನ್ನು ತಿರುಗಿಸಿಕೊಂಡು. ತಾವೇ ಬರೆದ ಸ್ವಾಗತದ ಬೋರ್ಡಿನ ಬಣ್ಣ ಒಣಗಿಲ್ಲವೆಂದು ಅದಕ್ಕೆ ಬೀಸಣಿಗೆ ಬೀಸುತ್ತಿದ್ದರು.

"ಸೋಮವಾರ ಗಣಾರಾಧನೆ. ಸ್ವಾಮಿಗಳು ಬರ್ತಾರೆ, ನೆಂಟ್ರು ಬರ್ತಾರೆ. ಹಾರ ಯಾವುದಕ್ಕೆ ಹಾಕೋದು, ಈ ಬೆನ್ನಿಗಾ?" ಎಂದ ವೀರಭದ್ರಯ್ಯ. ಅವನು ತುಮಕೂರು ಪಕ್ಕದ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ದುಃಖ ಬಂದರೂ ಸಿಟ್ಟು ಬಂದವನಂತೆಯೇ ಕಾಣುತ್ತಿದ್ದ.

ಅಮ್ಮನ ಮುಖ ನೆನೆಸಿಕೊಳ್ಳಲು ಹೋದರೆ ಉಮಾಳಿಗೆ ಸೀಮೆಎಣ್ಣೆಯ ವಾಸನೆ ಬರುತ್ತಿತ್ತೇ ಹೊರತು ಮುಖ ಬರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಬ್ರಷ್ಷುಗಳನ್ನೇ ಹಿಡಿದು, ಬಸ್ಸುಗಳ ಹೆಸರು, ಅಂಗಡಿಗಳ ಬೋರ್ಡು ಬರೆದು ಇಬ್ಬರು ಮಕ್ಕಳನ್ನೂ ಸಾಕಿದ ಹೆಂಗಸು ಅಮ್ಮ. ಕೈಗೆ ಹತ್ತಿದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಸೋಪು ಹಾಕಿ ತೊಳೆದು, ಆಮೇಲೆ ಮಕ್ಕಳಿಗೆ ಅನ್ನ ಕಲಸುತ್ತಿದ್ದರು. ಅನ್ನದ ವಾಸನೆಯೇ ಹಾಗೆ ಎಂದು ಆ ಮಕ್ಕಳು ಬಹಳ ದಿನ ನಂಬಿದ್ದರು. ಈಗ ಮುಖವೂ ಮರೆತುಹೋದರೆ ಅಮ್ಮ ಪೂರ್ತಿಯಾಗಿ ಹೋದಂತೆಯೇ ಎಂದು ಉಮಾಳಿಗೆ ಭಯವಾಯಿತು.

"ಅಣ್ಣ, ಕುಣಿಗಲ್‌ಗೆ ಹೋಗಣ ನಡಿ," ಎಂದಳು. "ಅಮ್ಮನ ಮುಖ ಆಂಜನಪ್ಪೋರ ಮನೇಲಿದೆ."

ಕುಣಿಗಲ್ಲಿನ ಬಟ್ಟೆ ವ್ಯಾಪಾರಿ ಆಂಜನಪ್ಪ ೧೯೭೫ರ ಸುಮಾರಿಗೆ, ಉಮಾ ಇನ್ನೂ ಹುಡುಗಿಯಾಗಿದ್ದಾಗ, ತೀರಿಕೊಂಡ ತಮ್ಮ ತಾಯಿ ಹನುಮಂತಮ್ಮನ ಚಿತ್ರ ಬರೆಸಲು ಗುಬ್ಬಿಗೆ ಬಂದಿದ್ದರು. ಅವರ ಬಳಿಯೂ ಫೋಟೋ ಇರಲಿಲ್ಲ. ಸರ್ವಮಂಗಳಮ್ಮ ಬಾಯಿಮಾತಿನಲ್ಲೇ ಕೇಳಿಕೊಂಡರು.

"ಮೂಗು ಹೆಂಗಿತ್ತು?"

"ಮೂಗಿದ್ದಂಗೇ ಇತ್ತು."

"ಕಣ್ಣು?"

"ಚೆನ್ನಾಗಿ ಕಾಣ್ತಿತ್ತು. ಸೂಜಿಗೆ ದಾರ ಅವರೇ ಪೋಣಿಸ್ಕಳೋರು."

ಮೂಗುಬೊಟ್ಟು ಎಡಗಡೆಗಿತ್ತು ಎಂಬುದನ್ನು ಬಿಟ್ಟರೆ ಆತನಿಂದ ಇನ್ನೇನೂ ಹೊರಡಲಿಲ್ಲ. ಕೊನೆಗೆ ಸರ್ವಮಂಗಳಮ್ಮ ಉಮಾಳ ಕೈಗೆ ಕನ್ನಡಿ ಕೊಟ್ಟು ಎದುರಿಗೆ ನಿಲ್ಲಿಸಿಕೊಂಡು, ತಮ್ಮ ಮುಖವನ್ನೇ ಬರೆದರು. ಕೂದಲು ನರೆಸಿದರು, ಮೂಗುಬೊಟ್ಟು ಇಟ್ಟರು. ಹಣೆಯನ್ನು ಎಂದಿನಂತೆ ಖಾಲಿ ಬಿಟ್ಟರು. ಹಣೆಗೆ ಏನಿಡಬೇಕೆಂಬುದು ಆಯಾ ಮನೆಯವರಿಗೆ ಸೇರಿದ್ದು, ಅದಕ್ಕೆ ತಾವು ಕೈ ಹಾಕಬಾರದು ಎಂಬುದು ಅವರ ಕ್ರಮ. ಚಿತ್ರ ನೋಡಿದ ಆಂಜನಪ್ಪ ಗೊಳೋ ಎಂದು ಅತ್ತುಬಿಟ್ಟರು. ಹೋಲಿಕೆ ಚೆನ್ನಾಗಿ ಬಂದಿದೆಯೆಂದು ಸರ್ವಮಂಗಳಮ್ಮನಿಗೆ ಖುಷಿಯೋ ಖುಷಿ.

"ಹೋಗಿ ಏನಂತ ಕೇಳ್ತೀಯ? ಇವರು ನಿಮ್ಮವ್ವ ಅಲ್ಲ, ನಮ್ಮಮ್ಮ, ಕೊಡಿ ಅಂತಲಾ?" ಎಂದು ವೀರಭದ್ರಯ್ಯ ಬಸ್ಸಿನಲ್ಲಿ ಕೇಳಿದ. ತುಮಕೂರಿನಲ್ಲಿ ಇಳಿದು ಇಬ್ಬರೂ ಕುಣಿಗಲ್ಲಿನ ಬಸ್ಸು ಹತ್ತಿದರು.

ಆಂಜನಪ್ಪನವರ ಮನೆಯ ಪಡಸಾಲೆಯಲ್ಲಿ ಅಮ್ಮ ಇದ್ದರು. ಕನಕಾಂಬರದ ಹಾರ, ಮುಂದೆ ದೀಪ, ಗಾಜಿನ ಮೇಲೆ ಹಣೆಯ ಜಾಗಕ್ಕೆ ಸರಿಯಾಗಿ ಕಾಸಗಲ ಕುಂಕುಮ. ಇಷ್ಟು ವರ್ಷಗಳಲ್ಲಿ ಅಮ್ಮನ ಕೂದಲೂ ನರೆತು ಅವರು ಆ ಚಿತ್ರದಂತೆಯೇ ಆಗಿದ್ದರು. ಉಮಾಳಿಗೆ ಅಳು ತಡೆಯಲಾಗಲಿಲ್ಲ. ಅಷ್ಟರಲ್ಲಿ ಆಂಜನಪ್ಪನವರ ಮಗಳು ಪುಸ್ತಕ ಹಿಡಿದು ಒಳಗಿಂದ ಬಂದಳು. "ಅಜ್ಜಿ, ಬುಧವಾರ ಲೆಕ್ಕದ ಟೆಸ್ಟು, ನೋಡ್ಕೊ," ಎಂದು ಚಿತ್ರಕ್ಕೆ ಕೈಮುಗಿದು ಟ್ಯೂಷನ್‌ಗೆ ಹೊರಟಳು.

ಅಮ್ಮನನ್ನು ಕೊಡಿ ಎಂದು ಕೇಳಿದರೆ ಆ ಹುಡುಗಿಯ ಅಜ್ಜಿಯನ್ನು ಕಿತ್ತುಕೊಂಡಂತಾಗುತ್ತದೆ ಎಂದು ಉಮಾಳಿಗೆ ಆಗ ಅರಿವಾಯಿತು. ಅಣ್ಣನ ಕಡೆ ನೋಡಿದಳು. ಬಸ್ಸಿನಲ್ಲಿ ಅಷ್ಟು ಮಾತಾಡಿದ್ದವನು ಈಗ ಕಾಲ್ಬೆರಳು ನೋಡಿಕೊಂಡು ನಿಂತಿದ್ದ.

"ನಾವು ಗುಬ್ಬಿ ಪೇಂಟರ್ ಸರ್ವಮಂಗಳಮ್ಮನ ಮಕ್ಕಳು. ಅಮ್ಮ ಹೋಗ್ಬಿಟ್ರು. ಸೋಮವಾರ ಆರಾಧನೆ. ಕರೆದು ಹೋಗೋಣ ಅಂತ ಬಂದ್ವಿ," ಎಂದು ಆಂಜನಪ್ಪನವರಿಗೆ ಹೇಳಿದಳು.

ಆಂಜನಪ್ಪ ಚಿತ್ರದ ಕಡೆ ತಿರುಗಿ ನೋಡಿದರು. "ಅವರದು ಫೋಟೋ ಐತಾ?" ಎಂದು ಕೇಳಿದರು.

"ಇಲ್ಲ."

ಮಗಳು ಬೀದಿಯ ತಿರುವು ದಾಟಿದ್ದನ್ನು ಬಾಗಿಲಲ್ಲಿ ನಿಂತು ನೋಡಿಕೊಂಡು ಬಂದು, ಅವರು ಸ್ಟೂಲು ಎಳೆದು ಹತ್ತಿದರು. ಹಾರ ತೆಗೆದು ಪಕ್ಕದ ಮೊಳೆಗೆ ಸಿಕ್ಕಿಸಿ, ಚಿತ್ರವನ್ನು ಕೆಳಗಿಳಿಸಿದರು.

"ನಮ್ಮವ್ವಂಗೆ ಮುಖದ ತುಂಬ ಸಿಡುಬಿನ ಕಲೆ ಇತ್ತು ಕಣಮ್ಮ. ಅವತ್ತು ನಾನು ಅತ್ತಿದ್ದು ಹೋಲಿಕೆ ಬಂತು ಅಂತಲ್ಲ. ಒಂಚೂರೂ ಬರ್ಲಿಲ್ವಲ್ಲ ಅಂತ."

"ಹೇಳ್ಬೋದಿತ್ತಲ್ಲ," ಎಂದ ವೀರಭದ್ರಯ್ಯ.

"ನಿಮ್ಮಮ್ಮ ಅಷ್ಟು ಸಂತೋಷವಾಗಿ ನಿಂತಿದ್ರು. ಹೆಂಗಪ್ಪ ಹೇಳದು? ತಂದು ತಗಲಾಕ್ದೆ. ದಿನಾ ದೀಪ ಹಚ್ಚಿ ಹಚ್ಚಿ, ಈಗ ಕಣ್ಣು ಮುಚ್ಚುದ್ರೆ ನಂಗೂ ಇವರೇ ಬರ್ತಾರೆ. ಹೆತ್ತವ್ವ ಬರದೇ ಇಲ್ಲ."

ಹೆಗಲ ಮೇಲಿನ ಟವೆಲಿನ ತುದಿಯಿಂದ ಗಾಜಿನ ಮೇಲಿನ ಕುಂಕುಮವನ್ನು ಒರೆಸಿ, ಚಿತ್ರವನ್ನು ಉಮಾಳ ಕೈಗೆ ಕೊಟ್ಟರು.

"ಸೋಮವಾರ ನೀವು ವಿಭೂತಿ ಹಚ್ಕಳಿ. ಮಂಗಳವಾರ ಒರೆಸಿ ತಂದ್ಬುಡಿ," ಎಂದರು. "ಬುಧವಾರ ಹುಡ್ಗೀಗೆ ಟೆಸ್ಟ್ ಐತೆ."