ಕೆಂಪು ಚೀಟಿ ಇಲ್ಲದ ಸ್ವಿಚ್ಚು

"ಲೋಡ್ ಜಾಸ್ತಿಯಾಗಿದೆ. ಯಾವುದಾದರೂ ಒಂದು ಲೈನ್ ತೆಗೀರಿ, ತಕ್ಷಣ," ಎಂದು ಹೇಳಿ ಮೇಲಿನ ಆಫೀಸಿನವರು ಫೋನ್ ಇಟ್ಟರು. ಸಬ್‌ಸ್ಟೇಷನ್ನಿನ ಆಪರೇಟರ್ ಎದುರಿನ ಗೋಡೆಯುದ್ದದ ಬೋರ್ಡು ನೋಡಿದ. ಊರಿನ ಒಂದೊಂದು ಭಾಗಕ್ಕೆ ಒಂದೊಂದು ಸ್ವಿಚ್ಚು. 'ಅತ್ಯಗತ್ಯ, ಮುಟ್ಟಬಾರದು' ಎಂದು ಬರೆದ ಕೆಂಪು ಚೀಟಿ ಅಂಟಿಸಿದ ಸ್ವಿಚ್ಚಿಗೆ ಕೈ ಹಾಕುವಂತಿಲ್ಲ. ಮೊದಲು ಆಸ್ಪತ್ರೆಗೊಂದು, ನೀರಿನ ಪಂಪಿಗೊಂದು ಅಂಟಿಸಿದ್ದು ನ್ಯಾಯವೇ. ಆಮೇಲೆ ಶಾಸಕರ ಮನೆ ಅತ್ಯಗತ್ಯವಾಯಿತು. ಅವರ ಭಾವಮೈದುನನ ಐಸ್‌ಕ್ರೀಂ ಕಾರ್ಖಾನೆ ಅತ್ಯಗತ್ಯವಾಯಿತು. ಭಾವಮೈದುನನಿಗಾದರೆ ನನಗೇಕಿಲ್ಲ ಎಂದು ಹಟಕ್ಕೆ ಬಿದ್ದವನ ಲಾಡ್ಜೂ ಅತ್ಯಗತ್ಯವಾಯಿತು. ಈಗ ಚೀಟಿ ಇಲ್ಲದೆ ಉಳಿದಿದ್ದು ಎರಡೇ: ಸಭಾಭವನದ ಲೈನು, ಮತ್ತೆ ಆಪರೇಟರ್ ಸ್ವತಃ ವಾಸವಿದ್ದ ಬಡಾವಣೆಯದು.

ಇಷ್ಟು ವರ್ಷವೂ ಅವನು ಹಿಂದೆಮುಂದೆ ನೋಡದೆ ತನ್ನ ಬಡಾವಣೆಯದನ್ನೇ ತೆಗೆಯುತ್ತಿದ್ದ. ಅಲ್ಲಿಂದ ಫೋನ್ ಮಾಡಿ ಬೈಯುವಂಥ ದೊಡ್ಡವರು ಯಾರೂ ಇರಲಿಲ್ಲ. ಬೈಯುವವಳೊಬ್ಬಳಿದ್ದಳು, ಅವಳು ಸಂಜೆ ಮನೆಯಲ್ಲೇ ಸಿಗುತ್ತಿದ್ದಳು. ಆದರೆ ಇವತ್ತು ಹಾಗೆ ಮಾಡುವಂತಿರಲಿಲ್ಲ. ಕರೆಂಟಿನಿಂದ ಬಿಸಿಯಾಗುವ ಹೆಂಡತಿಯ ಕಾವಿನ ಪೆಟ್ಟಿಗೆಯಲ್ಲಿ ಮೂರು ವಾರದಿಂದ ಇದ್ದ ಕೋಳಿಮೊಟ್ಟೆಗಳು ಇವತ್ತು ಒಡೆದು ಮರಿಯಾಗಬೇಕು. ಬೇರೆ ದಿನ ಸ್ವಲ್ಪ ಹೊತ್ತು ಕರೆಂಟ್ ಹೋದರೆ ಕಂಬಳಿ ಹೊದಿಸಿ ಸುಧಾರಿಸುತ್ತಿದ್ದಳು, ಮರಿ ಹೊರಬರುವ ದಿನ ಮಾತ್ರ ಪೆಟ್ಟಿಗೆ ತಣ್ಣಗಾಗಬಾರದು. ಹೋದ ಸಲ ಸರಿಯಾಗಿ ಅದೇ ದಿನ ಕರೆಂಟ್ ಹೋಗಿ ಒಂದು ಮರಿಯೂ ಉಳಿಯಲಿಲ್ಲ. ತೆಗೆದವನು ಇವನೇ.

"ರೀ, ಇವತ್ತೊಂದು ದಿನ ನಮ್ಮ ಲೈನಿಗೆ ಕೈ ಹಾಕಬೇಡಿ," ಎಂದಿದ್ದಳು ಬೆಳಿಗ್ಗೆ.

"ನನ್ನ ಕೈಲೇನಿದೆ ಕಣೇ. ಎಲ್ಲ ಮೇಲಿಂದ ಹೇಳ್ತಾರೆ."

"ನಮ್ಮ ಮನೇದೇ ತೆಗಿ ಅಂತಾನೂ ಮೇಲಿನೋರೇ ಹೇಳ್ತಾರಾ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಿದ್ದ.

ಮೇಜಿನ ಮೇಲಿನ ರೇಡಿಯೋದಲ್ಲಿ ಸಭಾಭವನದ ಸಮಾರಂಭ ನೇರವಾಗಿ ಕೇಳಿಬರುತ್ತಿತ್ತು. ದೇಶದ ಮೂಲೆಮೂಲೆಯ ವಿದ್ಯುತ್ ಜಾಲಗಳನ್ನೆಲ್ಲ ಹೆಣೆದು ಒಂದೇ ಜಾಲ ಮಾಡಿದ್ದರ ಸಂಭ್ರಮ. ಇನ್ನು ಮೇಲೆ ಒಂದು ಕಡೆ ಕೊರತೆಯಾದರೆ ಇನ್ನೊಂದು ಕಡೆಯಿಂದ ಹರಿದು ಬರುತ್ತದೆ ಎಂದು ಚೀಫ್ ಇಂಜಿನಿಯರ್ ಸಾಹೇಬರು ಹೇಳುತ್ತಿದ್ದರು. ಸದ್ಯಕ್ಕೆ ಹರಿದು ಬಂದಿದ್ದು ಕೊರತೆಯೇ. ಎಲ್ಲೋ ದೂರದ ಊರಿನವರಿಗೆ ಸೆಕೆಯಾಗಿತ್ತು, ಅವರ ಬೆವರು ಆರಿಸಲು ಇಲ್ಲಿ ಒಂದು ಲೈನ್ ಬಲಿಯಾಗಬೇಕಿತ್ತು. ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಆಪರೇಟರ್ ಗಟ್ಟಿ ಮನಸ್ಸು ಮಾಡಿ ಸಭಾಭವನದ ಸ್ವಿಚ್ಚನ್ನೇ ಕೆಳಗಿಳಿಸಿದ.

ನೌಕರಿ ಹೋಯಿತು ಎಂದುಕೊಂಡು ರೇಡಿಯೋಗೆ ಕಿವಿ ಕೊಟ್ಟ. ಎರಡು ಕ್ಷಣ ಸದ್ದಿಲ್ಲ. ಆಮೇಲೆ ಜನರೇಟರಿನ ಗುಡುಗುಡು ಸದ್ದು, ಅದರ ಮೇಲೆ ಸಾಹೇಬರ ದನಿ: "ನೋಡಿ, ಹೋದ ಕರೆಂಟು ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಇದು ನಮ್ಮ ಹೊಸ ಜಾಲದ ಶಕ್ತಿ." ಚಪ್ಪಾಳೆ ಬಹಳ ಹೊತ್ತು ಮೊಳಗಿತು.

ಸಮಾರಂಭ ಮುಗಿಸಿ ಸಾಹೇಬರು ನೆಟ್ಟಗೆ ಸಬ್‌ಸ್ಟೇಷನ್ನಿಗೇ ಬಂದರು.

"ಸಭಾಭವನದ ಲೈನ್ ತೆಗೆದಿದ್ದು ನೀನೇನಯ್ಯಾ? ಅಷ್ಟು ಹೊತ್ತು ಜನರೇಟರ್ ಕುಡಿದ ಡೀಸೆಲ್ಲಿಗೆ ಯಾರನ್ನ ಹೊಣೆ ಮಾಡಲಿ? ಅದಕ್ಕೂ ಒಂದು ಚೀಟಿ ಅಂಟಿಸು."

ಡ್ರಾಯರಿನಲ್ಲಿ ಎರಡು ಕೆಂಪು ಚೀಟಿ ಉಳಿದಿದ್ದವು. ಒಂದನ್ನು ಸಭಾಭವನದ ಸ್ವಿಚ್ಚಿಗೆ ಅಂಟಿಸಿ, ಇದೇ ಸಮಯವೆಂದು ಇನ್ನೊಂದನ್ನು ತನ್ನ ಬಡಾವಣೆಯದರ ಹತ್ತಿರ ಒಯ್ದ.

"ಅದಕ್ಕೂ ಅಂಟಿಸಿಬಿಟ್ಟರೆ ನಾಳೆ ಏನನ್ನ ತೆಗೀತೀಯಾ?" ಸಾಹೇಬರ ದನಿ ಮೆತ್ತಗಾಯಿತು. "ಒಂದಾದರೂ ಬಿಡಬೇಕಪ್ಪಾ. ಇಡೀ ಜಾಲ ನಿಂತಿರೋದೇ ಅದರ ಮೇಲೆ."

ಚೀಟಿಯನ್ನು ಜೇಬಿಗೆ ಹಾಕಿಕೊಂಡ. ಸಂಜೆ ಪಾಳಿಗೆ ಬಂದವನ ಕೈ ಹಿಡಿದು, "ಇವತ್ತು ನಮ್ಮದೊಂದನ್ನು ಉಳಿಸಪ್ಪಾ," ಎಂದು ಬೇಡಿಕೊಂಡ. ಅವನು ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದ. "ಆಗಲಿ ಅಣ್ಣಾ, ಮೇಲಿಂದ ಫೋನ್ ಬರದಿದ್ದರೆ ಖಂಡಿತ," ಎಂದ.

ಮನೆಯಲ್ಲಿ ಹೆಂಡತಿಯ ಮುಖ ಅರಳಿತ್ತು. "ಬೇಗ ಬನ್ನಿ. ಚಿಪ್ಪು ಬಿರುಕು ಬಿಟ್ಟಿದೆ, ಒಳಗೇ ಕೂಗ್ತಿವೆ ಕೇಳಿ," ಎಂದು ಅವನನ್ನು ಪೆಟ್ಟಿಗೆಯ ಹತ್ತಿರ ಎಳೆದುಕೊಂಡು ಹೋದಳು. ಅವನಿಗೂ ಖುಷಿಯಾಯಿತು. ಜೇಬಿನಿಂದ ಇಣುಕುತ್ತಿದ್ದ ಚೀಟಿಯನ್ನು ಅವಳೇ ತೆಗೆದು ಓದಿದಳು. "ಅತ್ಯಗತ್ಯ, ಮುಟ್ಟಬಾರದು. ಅಂತೂ ನಮ್ಮ ಪಾಲಿಗೂ ಒಂದು ತಂದ್ರಲ್ಲ," ಎಂದು ನಕ್ಕು ಅದನ್ನು ಪೆಟ್ಟಿಗೆಗೆ ಅಂಟಿಸಿದಳು.

ಕರೆಂಟ್ ಹೋಯಿತು.

ಕತ್ತಲಲ್ಲಿ ಚಿಪ್ಪಿನೊಳಗಿನ ಸಣ್ಣ ಕೂಗು ಮಾತ್ರ ಕೇಳುತ್ತಿತ್ತು. "ಈ ಸಲ ನಾನಲ್ಲ ಕಣೇ," ಎಂದ ಅವನು. ಅವಳು ಮೇಣದಬತ್ತಿ ಹಚ್ಚಿಟ್ಟು, ಮೊಟ್ಟೆಗಳನ್ನೆಲ್ಲ ಟವೆಲ್ಲಿಗೆ ತುಂಬಿಕೊಂಡು ಬಂದು ಎದುರು ನಿಂತಳು.

"ಶರ್ಟಿನ ಗುಂಡಿ ಬಿಚ್ಚಿ."

"ಯಾಕೆ?"

"ಕರೆಂಟ್ ನಿಮ್ಮ ಆಫೀಸಿಂದು ತಾನೇ? ಕಾವಿಗೂ ನೀವೇ ಕೂತ್ಕೊಳ್ಳಿ."

ಅವನು ತೆಪ್ಪಗೆ ಚಕ್ಕಳಮಕ್ಕಳ ಹಾಕಿ ಕುಳಿತ. ಅವಳು ಮೊಟ್ಟೆಗಳನ್ನು ಅವನ ಹೊಟ್ಟೆಗೆ ಒತ್ತಿಟ್ಟು, ಮೇಲೆ ಕಂಬಳಿ ಸುತ್ತಿದಳು. ಒಂದು ಮೊಟ್ಟೆ ಅಲ್ಲಾಡಿದಂತಾಗಿ ಅವನು ಉಸಿರು ಬಿಗಿಹಿಡಿದ. ಆಗ ಹೆಂಡತಿ ಪೆಟ್ಟಿಗೆಯ ಮೇಲಿನ ಕೆಂಪು ಚೀಟಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದು, ಅವನ ಹಣೆಗೆ ಅಂಟಿಸಿದಳು.